ಗೌರಮ್ಮನ ಕೊರಳಿಗೆ ಹಾಕಿದ ಜರಿ

ಒಡವೆ ಬಿಚ್ಚಿ ಕೊಟ್ಟ ಹೆಣ್ಣಿನ ಕೊರಳಿಗೇ ನಾವು ಕಸೂತಿಯಲ್ಲಿ ಒಡವೆ ಹಾಕಿದೆವು. ಅದನ್ನು ಬಿಚ್ಚಲು ಹೋಗಿ ಬಟ್ಟೆಗೂ ಕಲೆ ಮಾಡಿದೆವು. ಮಡಿಕೇರಿಯ ಮಳೆಯಲ್ಲಿ ಆರಿ ಕೆಲಸ (ಕೊಕ್ಕೆ ಸೂಜಿಯ ಕಸೂತಿ) ಮಾಡುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಆರ್ಡರ್ ಬಂದದ್ದು ಕತೆಗಾರ್ತಿ ಕೊಡಗಿನ ಗೌರಮ್ಮನ ಪ್ಯಾನೆಲ್‌ಗೆ. ಮೂರಡಿ ಎತ್ತರ, ಎರಡಡಿ ಅಗಲ, ಕೆನೆಬಣ್ಣದ ಟಸರ್ ರೇಷ್ಮೆ. ಮುಖ, ಕೊರಳು, ಕೈಗಳಿಗೆ ಹೊಲಿಗೆ ತುಂಬಿರಲಿಲ್ಲ. ಬಟ್ಟೆಯದ್ದೇ ಮೈಬಣ್ಣ, ಅಂಚಿಗೆ ಒಂದೆಳೆ ಕಂದು ನೂಲಿನ ಸ್ಟೆಮ್ ಸ್ಟಿಚ್. ಸೀರೆ ಎರಡೆಳೆ ಆಂಕರ್ ನೂಲಿನಲ್ಲಿ ಲಾಂಗ್ ಅಂಡ್ ಶಾರ್ಟ್ ಹೊಲಿಗೆ. ಕೆಳಗಿನ ಮೂಲೆಯಲ್ಲಿ ಹರಡಿದ ಒಂದು ಬಿಳಿ ವಸ್ತ್ರ, ಅದರ ಮೇಲೆ ಸರ, ಬಳೆ. ಮೊದಲ ಸ್ಕೆಚ್‌ನಲ್ಲಿ ಜರಿ ಇದ್ದದ್ದು ಅಲ್ಲಿ ಮಾತ್ರ.

ಆ ಮೂಲೆಯೇ ಚಿತ್ರದ ಜೀವ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಬೇಕೆಂದು ಗೌರಮ್ಮ ಉಪವಾಸ ಕೂತರು. ಗಾಂಧೀಜಿ ಬಂದರು. ಕರಿಮಣಿ, ಓಲೆ, ಮೂಗುತಿ ಬಿಟ್ಟು ಉಳಿದ ಒಡವೆಗಳನ್ನೆಲ್ಲ ಗೌರಮ್ಮ ಹರಿಜನ ನಿಧಿಗೆ ಕೊಟ್ಟರು. ಆಗ ಅವರಿಗೆ ಇನ್ನೂ ಇಪ್ಪತ್ತೆರಡರ ಆಸುಪಾಸು. 1939ರಲ್ಲಿ ನೀರುಪಾಲಾದರು.

ಸ್ಕೆಚ್ ನೋಡಿದ ಮ್ಯಾನೇಜ್‌ಮೆಂಟ್‌ಗೆ ಕೊರಳು ಬೋಳಾಗಿ ಕಂಡಿತು. 'ಗೌರಮ್ಮ ಅಂದ್ರೆ ಮೈತುಂಬ ಒಡವೆ ಹಾಕಿರೋ ಪೇಂಟಿಂಗ್ ಇದೆಯಲ್ಲ' ಎಂದು ಮೊಬೈಲ್ ತೋರಿಸಿದರು. ಅದು ಬೇರೆ ಗೌರಮ್ಮ. ಚಿಕವೀರರಾಜೇಂದ್ರನ ಮಗಳು, 1852ರಲ್ಲಿ ತಂದೆಯ ಜೊತೆ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾದವಳು. ವಿಂಟರ್‌ಹಾಲ್ಟರ್ ಬರೆದ ಚಿತ್ರ ಅವಳದ್ದು. ಕತೆಗಾರ್ತಿ ಹುಟ್ಟಿದ್ದು 1912ರಲ್ಲಿ, ಮಡಿಕೇರಿಯ ಬ್ರಾಹ್ಮಣ ಮನೆಯಲ್ಲಿ. ಇದು ನನಗೆ ಗೊತ್ತಿತ್ತು. ಒಮ್ಮೆ ಹೇಳಿದೆ, 'ಕಸ್ಟಮರ್‌ಗೆ ಗ್ರ್ಯಾಂಡ್ ಆಗಿ ಕಾಣ್ಬೇಕು' ಎಂದಾಗ ಸುಮ್ಮನಾದೆ. ಕೊರಳಿಗೆ ಚಿನ್ನದ ಮಣಿಯ ಜೋಮಾಲೆ, ಪದಕದ ಸರ ಪತ್ತಾಕ್ ಬಂತು. ಎರಡೂ ಕೊಡವತಿಯರ ಒಡವೆ, ಕತೆಗಾರ್ತಿಯ ಮನೆಯದ್ದೇ ಅಲ್ಲ.

ಡೆಲಿವರಿಗೆ ಎರಡು ದಿನ ಇರುವಾಗ ಕಸ್ಟಮರ್ ಕಡೆಯಿಂದ ನಿವೃತ್ತ ಕನ್ನಡ ಟೀಚರ್ ಒಬ್ಬರು ನೋಡಲು ಬಂದರು. ಫ್ರೇಮಿನ ಮುಂದೆ ಬಹಳ ಹೊತ್ತು ನಿಂತರು. 'ಇದು ಯಾರಮ್ಮ?' ಎಂದರು. 'ಕೊಟ್ಟ ಒಡವೆ ಕೆಳಗಿದೆ. ಕೊರಳಲ್ಲಿರೋದು ಎಲ್ಲಿಂದ ಬಂತು?' ಯಾರ ಬಾಯಲ್ಲೂ ಉತ್ತರವಿರಲಿಲ್ಲ.

ಬಿಚ್ಚಲೇಬೇಕಾಯಿತು. ಕೌಚಿಂಗ್ (ಜರಿಯನ್ನು ಬಟ್ಟೆಯ ಮೇಲಿಟ್ಟು ಬೇರೆ ನೂಲಿನಿಂದ ಕಟ್ಟುವುದು) ಆಗಿದ್ದರೆ ಹಿಂದಿನಿಂದ ಕಟ್ಟುನೂಲು ಕತ್ತರಿಸಿದರೆ ಜರಿ ಎದ್ದು ಬರುತ್ತಿತ್ತು, ತೂತೂ ಸಣ್ಣದು. ಬೇಗ ಮುಗಿಯಲಿ ಎಂದು ಜೋಮಾಲೆಯನ್ನು ಆರಿಯಲ್ಲಿ ಚೈನ್ ಹೊಲಿಗೆ ಹಾಕಿಬಿಟ್ಟಿದ್ದೆವು. ಚೈನ್ ಬಿಚ್ಚುವುದು ಸುಲಭ. ಕೊನೆಯ ಗಂಟು ತೆಗೆದು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದರೆ ಸರಸರ ಬರುತ್ತದೆ. ಆದರೆ ಕೊಕ್ಕೆ ಹೋದಲ್ಲೆಲ್ಲ ಟಸರ್‌ನ ಎಳೆ ಸರಿದು ಕಣ್ಣು ಬಿಟ್ಟಿತ್ತು. ಫ್ರೇಮಿನ ಹಗ್ಗ ಸ್ವಲ್ಪ ಸಡಿಲಿಸಿ, ಮೊಂಡು ಸೂಜಿಯ ತುದಿಯಿಂದ ಮೊದಲು ಹಾಸಿನ ಕಡೆ, ಆಮೇಲೆ ಹೊಕ್ಕಿನ ಕಡೆ ಮೆಲ್ಲಗೆ ಕೆರೆದು ಎಳೆಗಳನ್ನು ಕೂಡಿಸಬೇಕು. ಉಳಿದದ್ದು ಹಿಂಬದಿಯಿಂದ ಹಬೆ ಕೊಟ್ಟಾಗ ಮುಚ್ಚಿಕೊಳ್ಳುತ್ತದೆ. ಹಗ್ಗ ಬಿಗಿಯಾಗಿರುವಾಗ ಕೆರೆದರೆ ತೂತು ಇನ್ನೂ ಅಗಲವಾಗುತ್ತದೆ.

ಜೋಮಾಲೆಯ ಅಡಿಯಲ್ಲಿ ಕರಿಮಣಿಯ ಗೆರೆ, ರವಿಕೆಯ ಅಂಚು ಹೊಲಿದೇ ಇರಲಿಲ್ಲ. ಮತ್ತೆ ಬರೆಯಬೇಕು. ಮೊದಲ ಸಲ ಮಾಡಿದಂತೆ ಟ್ರೇಸಿಂಗ್ ಶೀಟಿಗೆ ಪಿನ್ ಹೊಡೆದು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿ ಒರೆಸಿದ್ದರೆ ಒಂದೇ ಗೆರೆ ಬೀಳುತ್ತಿತ್ತು. ಹೊತ್ತಿಲ್ಲವೆಂದು ನೀರಿಗೆ ಹೋಗುವ ನೀಲಿ ಪೆನ್ನಿನಲ್ಲಿ ಕೈಯಿಂದಲೇ ಬರೆದೆ. ಸರಿಯಾದ ತಿರುವು ಸಿಗುವಷ್ಟರಲ್ಲಿ ಮೂರು ಗೆರೆ ಹೆಚ್ಚಾಗಿ ಬಿದ್ದವು. ಹೋಗುವ ಇಂಕು ತಾನೆ ಎಂದುಕೊಂಡು ಹೊಲಿಗೆ ಮುಗಿಸಿದೆವು.

ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಜೂನ್ ಮಳೆ, ಗಾಳಿ, ಗೋಡೆಯೆಲ್ಲ ಬೆವರಿದ ಹಾಗೆ. ರಾತ್ರಿ ಒಂಬತ್ತರ ಸುಮಾರಿಗೆ ಕರೆಂಟ್ ಬಂತು, ಯಾವಾಗ ಹೋಗುತ್ತದೋ ಗೊತ್ತಿಲ್ಲ. ನೀಲಿ ಗೆರೆಯನ್ನು ಮೊದಲು ತಣ್ಣೀರಲ್ಲಿ ತೆಗೆಯಬೇಕು. ಆದರೆ ಟಸರ್‌ನಲ್ಲಿ ಗೆರೆಯಷ್ಟನ್ನೇ ಒದ್ದೆ ಮಾಡಿದರೆ ಸುತ್ತ ನೀರಿನ ಉಂಗುರ ನಿಲ್ಲುತ್ತದೆ. ಕೊರಳಿನ ಭಾಗ ಪೂರ್ತಿ ತೋಯಿಸಿದರೆ ಬೆಳಿಗ್ಗೆಯೊಳಗೆ ಒಣಗುವುದಿಲ್ಲ. ಹಬೆಯೂ ನೀರೇ ಅಲ್ಲವೆ, ತೂತೂ ಮುಚ್ಚುತ್ತದೆ, ಗೆರೆಯೂ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದು ನಾನೇ. ಬಟ್ಟೆಯನ್ನು ಮಗುಚಿ ಟರ್ಕಿ ಟವೆಲ್ ಮೇಲೆ ಹಾಸಿ ಇಸ್ತ್ರಿ ಇಟ್ಟೆವು. ಎರಡು ನಿಮಿಷ. ತಿರುಗಿಸಿ ನೋಡಿದಾಗ ತೂತು ಮುಚ್ಚಿತ್ತು. ನೀಲಿ ಗೆರೆಗಳು ಕಂದಾಗಿದ್ದವು. ತಣ್ಣೀರಿನ ಹತ್ತಿ ಒತ್ತಿದೆ, ಅಲುಗಲಿಲ್ಲ. ಮತ್ತೆ ಒತ್ತಿದೆ. ಫ್ರೇಮಿನ ಸುತ್ತ ನಾಲ್ಕು ಜನ ಇದ್ದೆವು, ಹಂಚಿನ ಮೇಲಿನ ಮಳೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಈ ಇಂಕಿನ ಗುಣವೇ ಹಾಗೆ. ನೀರು ತಾಗುವ ಮೊದಲು ಬಿಸಿ ತಾಗಿದರೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಸೋಪು ನೀರೂ ಕೆಲವೊಮ್ಮೆ ಹಾಗೇ ಮಾಡುತ್ತದೆ, ಅದಕ್ಕೇ ಮೊದಲು ಬರೀ ತಣ್ಣೀರು. ಶಾಖಕ್ಕೆ ಮಾಯವಾಗುವ ಪೆನ್ನೂ ಇದೆ, ಅದು ಬೇರೆ ಜಾತಿ. ನಮ್ಮಲ್ಲಿ ಎರಡನ್ನೂ ಒಂದೇ ಡಬ್ಬದಲ್ಲಿ ಇಡುತ್ತಿದ್ದರು.

ಒಂದು ಕಂದು ಗೆರೆಯ ಮೇಲೆ ಕರಿಮಣಿಯನ್ನು ಎರಡೆಳೆಯಾಗಿ ಕೂರಿಸಿದೆವು. ರವಿಕೆಯ ಅಂಚನ್ನು ಸ್ವಲ್ಪ ಅಗಲ ಮಾಡಿ ಇನ್ನೊಂದನ್ನು ಮುಚ್ಚಿದೆವು. ಎಡಗಿವಿಯ ಕೆಳಗಿನ ಕಾಲಿಂಚು ಗೆರೆಗೆ ಮೇಲೆ ಹಾಕಲು ಏನೂ ಇರಲಿಲ್ಲ. ಅದು ಹಾಗೇ ಹೋಯಿತು, ಟೀಚರ್‌ಗೆ ತೋರಿಸಿಯೇ ಕೊಟ್ಟೆವು.

ಈಗ ಪ್ರತಿ ಕೆಲಸಕ್ಕೂ ಅದೇ ಥಾನಿನ ಅಂಗೈಯಗಲ ತುಂಡೊಂದು ಫ್ರೇಮಿನ ಮೂಲೆಗೆ ಪಿನ್ ಆಗಿರುತ್ತದೆ. ಪೆನ್ನು, ನೀಲಿ ಪುಡಿ, ಕೆಂಪು ನೂಲು ಎಲ್ಲಕ್ಕೂ ಮೊದಲು ಅಲ್ಲೇ ನೀರು, ಅಲ್ಲೇ ಇಸ್ತ್ರಿ. ಜರಿ ಬರುವ ಜಾಗದ ಅಡಿಯ ಗೆರೆಯನ್ನೂ ಹೊಲಿದೇ ಮುಂದೆ ಹೋಗುತ್ತೇವೆ. ಮಳೆಗಾಲದಲ್ಲಿ ಡೆಲಿವರಿಗೆ ಮೊದಲು ಒಣಗಲಿಕ್ಕೆಂದೇ ಎರಡು ದಿನ ಕೇಳಿದ್ದೇವೆ. ಮ್ಯಾನೇಜ್‌ಮೆಂಟ್ ಒಂದು ದಿನಕ್ಕೆ ಒಪ್ಪಿದೆ.