ಸೂರ್ಯಕಿರಣ್ ಹಾರಾಟಕ್ಕೆ ನಮ್ಮ ತೆರಿಗೆ ದುಡ್ಡು ಯಾಕೆ?

ನಾನು ವಾಯುಪಡೆಯಲ್ಲಿದ್ದವನು ಅಂತ ಗೊತ್ತಾದರೆ ಸಾಕು, ಹಾಸನದಲ್ಲಿ ಜನ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಯಲಹಂಕದಲ್ಲಿ ಏರೋ ಇಂಡಿಯಾ ನಡೆದಾಗ, ದಸರಾಕ್ಕೆ ಮೈಸೂರಿನ ಮೇಲೆ ವಿಮಾನಗಳು ಹಾರಿದಾಗ ಇದು ಇನ್ನೂ ಜಾಸ್ತಿ. "ಒಂಬತ್ತು ವಿಮಾನ ಒಟ್ಟಿಗೆ ಹಾರಿ ಬಣ್ಣದ ಹೊಗೆ ಬಿಡ್ತಾವಲ್ಲ ಸಾರ್, ನೋಡೋಕೇನೋ ಚೆನ್ನಾಗಿದೆ. ಆದ್ರೆ ಅದಕ್ಕೆ ನಮ್ಮ ತೆರಿಗೆ ದುಡ್ಡು ಯಾಕೆ ಸುರೀಬೇಕು?"

ಆಲೂರಿನ ಕಡೆ ಕಾಫಿ ತೋಟ ಇರುವ ನನ್ನ ಭಾವ ಇದನ್ನೇ ಇನ್ನಷ್ಟು ಖಾರವಾಗಿ ಕೇಳುತ್ತಾರೆ. "ರಾತ್ರಿ ಆನೆ ಬಂದು ತೋಟ ತುಳಿದು ಹೋದ್ರೆ, ಬೇಲಿಗೆ ದುಡ್ಡು ಬಂದಿಲ್ಲ ಅಂತಾರೆ. ಹೊಗೆ ಬಿಡೋಕೆ ಎಲ್ಲಿಂದ ಬರುತ್ತೆ ಭಾವ ದುಡ್ಡು?"

ನನ್ನ ಉತ್ತರ ಇಷ್ಟು. ವಾಯುಪಡೆಯ ಆ ಸೂರ್ಯಕಿರಣ್ ತಂಡ ಇರಬೇಕು, ಅದಕ್ಕೆ ಖರ್ಚು ಮಾಡುವುದು ಸರಿ. ಆದರೆ ವಾಯುಪಡೆಯ ಬೇರೆ ಯಾವ ಕೆಲಸಕ್ಕೆ ವಿಮಾನ ಸಾಲದೆ ಬಂದರೂ ಮೊದಲು ನಿಲ್ಲಬೇಕಾದದ್ದು ಈ ಹಾರಾಟ. ಈ ಎರಡೂ ಮಾತು ಒಟ್ಟಿಗೆ ಹೇಳಿದರೆ ಕೆಲವರಿಗೆ ಗೊಂದಲ ಆಗುತ್ತದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಯಾರ ವಿಷಯ ಅಂತ ಹೇಳಿಬಿಡುತ್ತೇನೆ. ಸೂರ್ಯಕಿರಣ್ ತಂಡ ಶುರುವಾದದ್ದು 1996ರಲ್ಲಿ, ನಮ್ಮ ಬೀದರ್‌ನಲ್ಲಿ. ಆಗ ಎಚ್‌ಎಎಲ್ ಮಾಡಿದ ಕಿರಣ್ ವಿಮಾನ, ಈಗ ಹಾಕ್ ವಿಮಾನ. ಎರಡೂ ತರಬೇತಿ ವಿಮಾನಗಳೇ. ಇನ್ನೊಂದು ಸಾರಂಗ್, ಧ್ರುವ್ ಹೆಲಿಕಾಪ್ಟರ್‌ಗಳ ತಂಡ, ಅದು ಕೊಯಮತ್ತೂರಿನ ಹತ್ತಿರದ ಸೂಲೂರಿನಲ್ಲಿದೆ. ನಾನು ಈ ಎರಡರಲ್ಲೂ ಇದ್ದವನಲ್ಲ. ಹುಡುಗರಿಗೆ ಹಾರಾಟ ಕಲಿಸುವ ಕಿರಣ್ ವಿಮಾನಗಳ ಎಂಜಿನ್ ಕೆಲಸ ನನ್ನದಾಗಿತ್ತು. ಹಾಗಾಗಿ ನಾನು ಲೆಕ್ಕ ಹಾಕುವುದೂ ಹ್ಯಾಂಗರ್‌ನಲ್ಲಿ ನಿಂತವನ ಲೆಕ್ಕವೇ.

ಜನ ಖರ್ಚು ಅಂದಾಗ ಅವರ ಕಣ್ಣ ಮುಂದೆ ಬರುವುದು ಹೊಗೆ ಮತ್ತು ಪೆಟ್ರೋಲು. ಹೊಗೆ ಅಂದರೆ ಏನೂ ದೊಡ್ಡ ವಸ್ತುವಲ್ಲ. ಡೀಸೆಲ್ಲಿಗೆ ಬಣ್ಣ ಬೆರೆಸಿ ಎಂಜಿನ್ನಿನ ಹಿಂದೆ ಹೊರಬರುವ ಬಿಸಿಗಾಳಿಗೆ ಚಿಮ್ಮಿಸುತ್ತಾರೆ, ಅದು ಆವಿಯಾಗಿ ಗೆರೆ ಎಳೆದ ಹಾಗೆ ಕಾಣುತ್ತದೆ. ಇಂಧನಕ್ಕೆ ದುಡ್ಡು ಆಗುತ್ತದೆ, ನಿಜ. ಆದರೆ ಅಲ್ಲಿ ಹಾರುವವರು ಫೈಟರ್ ಪೈಲಟ್‌ಗಳು, ತಂಡಕ್ಕೆ ಬಂದು ಕೆಲವು ವರ್ಷ ಇದ್ದು ವಾಪಸ್ ತಮ್ಮ ಸ್ಕ್ವಾಡ್ರನ್‌ಗಳಿಗೆ, ಅಂದರೆ ಯುದ್ಧವಿಮಾನಗಳ ತುಕಡಿಗಳಿಗೆ, ಹೋಗುತ್ತಾರೆ. ತಂಡ ಮುಚ್ಚಿದರೂ ಅವರಿಗೆ ಸಂಬಳ ಕೊಡಲೇಬೇಕು, ವಿಮಾನ ನೋಡಿಕೊಳ್ಳುವವರಿಗೂ ಕೊಡಲೇಬೇಕು. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಅದರ ಮುಂದೆ ಒಂಬತ್ತು ತರಬೇತಿ ವಿಮಾನಗಳ ಇಂಧನ ತೀರಾ ಸಣ್ಣ ಬಾಬತ್ತು. ಸಣ್ಣದು ಅಂದ ಮಾತ್ರಕ್ಕೆ ಸರಿ ಅಂತ ನಾನು ಹೇಳುತ್ತಿಲ್ಲ. ನಿಜವಾದ ಖರ್ಚು ಬೇರೆ ಕಡೆ ಇದೆ.

ಅದು ವಿಮಾನದ ಗಂಟೆಗಳು. ಒಂದು ವಿಮಾನದ ಆಯಸ್ಸನ್ನು ವರ್ಷದಲ್ಲಿ ಮಾತ್ರ ಎಣಿಸುವುದಿಲ್ಲ, ಹಾರಿದ ಗಂಟೆಯಲ್ಲಿ ಎಣಿಸುತ್ತಾರೆ. ಇಷ್ಟು ಗಂಟೆಗೆ ಈ ತಪಾಸಣೆ, ಇಷ್ಟು ಗಂಟೆಗೆ ಎಂಜಿನ್ ಇಳಿಸು, ಇಷ್ಟಾದ ಮೇಲೆ ಈ ಭಾಗ ಬದಲಿಸು, ಎಲ್ಲ ಪುಸ್ತಕದಲ್ಲಿ ಬರೆದಿರುತ್ತದೆ. ನೆಟ್ಟಗೆ ಹಾರಿದ ಗಂಟೆಯೂ ಕಸರತ್ತು ಮಾಡಿದ ಗಂಟೆಯೂ ಒಂದೇ ಅಲ್ಲ. ಕೆಳಗಿಳಿದು ಜೋರಾಗಿ ಮೇಲಕ್ಕೆಳೆದಾಗ ರೆಕ್ಕೆಯ ಮೇಲೆ ವಿಮಾನದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ, ಲೋಹ ಬೇಗ ಸವೆಯುತ್ತದೆ. ಪ್ರದರ್ಶನಕ್ಕೆ ಕೊಟ್ಟ ಗಂಟೆ ಮತ್ತೆ ತರಬೇತಿಗೆ ಸಿಗುವುದಿಲ್ಲ.

ಹಾಕ್ ವಿಮಾನ ನಮಗೆ ಸುಮ್ನೆ ಬಂದದ್ದಲ್ಲ. ನಿಧಾನದ ತರಬೇತಿ ವಿಮಾನದಲ್ಲಿ ಕಲಿತ ಹುಡುಗರು ನೇರ ಅತಿ ವೇಗದ ಮಿಗ್-21 ಯುದ್ಧವಿಮಾನ ಹತ್ತುತ್ತಿದ್ದರು, ಸಾಯುತ್ತಿದ್ದರು. ನಡುವೆ ಒಂದು ಮೆಟ್ಟಿಲು ಬೇಕು ಅಂತ, ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫೋಂಟೇನ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ, 66 ವಿಮಾನಕ್ಕೆ. ಮೊದಲ ವಿಮಾನಗಳು ಬೀದರ್‌ನಲ್ಲಿ ವಾಯುಪಡೆಗೆ ಸೇರಿದ್ದು 2008ರಲ್ಲಿ. ಸಮಿತಿ ಹೇಳಿದಾಗ ಹುಟ್ಟಿದ ಮಗು ಪೈಲಟ್ ಆಗುವಷ್ಟು ಕಾಲ ಅದು. ಅಷ್ಟು ಕಾದು, ಅಷ್ಟು ಹುಡುಗರನ್ನು ಕಳೆದುಕೊಂಡು ತಂದ ವಿಮಾನದ ಒಂದೊಂದು ಗಂಟೆಯೂ ಮೊದಲು ಕಲಿಯುವವನಿಗೆ ಸೇರಬೇಕು. ಇದರಲ್ಲಿ ನನಗೆ ರಾಜಿ ಇಲ್ಲ.

ಇದನ್ನು ವಾಯುಪಡೆ ಒಮ್ಮೆ ಮಾಡಿ ತೋರಿಸಿದೆ. ಹೊಸಬರು ಮೊದಲು ಹತ್ತುತ್ತಿದ್ದ ಎಚ್‌ಪಿಟಿ-32 ವಿಮಾನಗಳನ್ನು 2009ರಲ್ಲಿ ಅಪಘಾತದ ನಂತರ ಹಾರದಂತೆ ನಿಲ್ಲಿಸಿದರು. ಆಗ ಅಷ್ಟೂ ಭಾರ ಕಿರಣ್ ಮೇಲೆ ಬಿತ್ತು. ಮೊದಲ ಪಾಠಕ್ಕೂ ಕಿರಣ್, ಎರಡನೆಯ ಪಾಠಕ್ಕೂ ಕಿರಣ್. ವಿಮಾನ ಸಾಲದೆ ಬಂತು. 2011ರ ಏರೋ ಇಂಡಿಯಾ ಮುಗಿದ ಮೇಲೆ ಸೂರ್ಯಕಿರಣ್ ಹಾರಾಟ ನಿಲ್ಲಿಸಿ ಆ ವಿಮಾನಗಳನ್ನು ತರಬೇತಿಗೆ ಕಳಿಸಿದರು. ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು ಬಂದು ಪಾಠ ಶುರುವಾದದ್ದು 2013ರಲ್ಲಿ. ಸೂರ್ಯಕಿರಣ್ ಮತ್ತೆ ಎದ್ದು ನಿಂತದ್ದು 2015ರಲ್ಲಿ, ಹಾಕ್ ವಿಮಾನಗಳೊಂದಿಗೆ. ಮೊದಲು ಕೆಲವೇ ವಿಮಾನ, ಆಮೇಲೆ ಒಂಬತ್ತು. ತಂಡ ನಿಂತಾಗ ಬಹಳ ಜನ ಬೇಜಾರು ಮಾಡಿಕೊಂಡರು. ನನಗೆ ಅದು ಹೆಮ್ಮೆಯ ನಿರ್ಧಾರ ಅನಿಸಿತು, ಈಗಲೂ ಅನಿಸುತ್ತದೆ.

ಈಗ ಪರಿಸ್ಥಿತಿ ಸಲೀಸಾಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ ವಾಯುಪಡೆಯ ಫೈಟರ್ ಸ್ಕ್ವಾಡ್ರನ್‌ಗಳು 29ಕ್ಕೆ ಇಳಿದವು, ಇರಬೇಕಾದದ್ದು 42. ಎಚ್‌ಎಎಲ್‌ನ ಎಚ್‌ಟಿಟಿ-40 ತರಬೇತಿ ವಿಮಾನಕ್ಕೆ 2023ರಲ್ಲಿ ಒಪ್ಪಂದವಾಯಿತು, 70 ವಿಮಾನ, ಆದರೆ ಎಂಜಿನ್ ಬರುವುದು ತಡವಾಗಿ ಅದೂ ಹಿಂದೆ ಬಿತ್ತು. ಇಂಥ ಹೊತ್ತಲ್ಲಿ ಪ್ರತಿ ವರ್ಷವೂ ಕೂತು ಕೇಳಿಕೊಳ್ಳಬೇಕು: ಈ ವರ್ಷ ಒಂಬತ್ತು ಬೇಕಾ, ಆರು ಸಾಕಾ, ಬೇಡವೇ ಬೇಡವಾ?

ಇನ್ನೊಂದು ಖರ್ಚು ಇದೆ, ಅದನ್ನು ದುಡ್ಡಿನ ಪಕ್ಕ ಇಡೋಕೆ ಮನಸ್ಸು ಬರುವುದಿಲ್ಲ. 2006ರಲ್ಲಿ ಬೀದರ್ ಬಳಿ ಸೂರ್ಯಕಿರಣ್‌ನ ಇಬ್ಬರು ಪೈಲಟ್‌ಗಳು ತೀರಿಕೊಂಡರು. 2009ರಲ್ಲಿ ಅಲ್ಲೇ ಮತ್ತೊಬ್ಬರು. 2007ರಲ್ಲಿ ಏರೋ ಇಂಡಿಯಾಕ್ಕೆ ಅಭ್ಯಾಸ ಮಾಡುವಾಗ ಸಾರಂಗ್‌ನ ಹೆಲಿಕಾಪ್ಟರ್ ಬಿದ್ದು ಒಬ್ಬ ಪೈಲಟ್ ಹೋದರು. 2010ರಲ್ಲಿ ಹೈದರಾಬಾದ್‌ನಲ್ಲಿ ನೌಕಾಪಡೆಯ ಸಾಗರ್ ಪವನ್ ತಂಡದ ವಿಮಾನ ಬಿದ್ದು ಇಬ್ಬರು ಹೋದರು. 2019ರ ಫೆಬ್ರವರಿ 19ರಂದು, ಏರೋ ಇಂಡಿಯಾ ಶುರುವಾಗುವ ಹಿಂದಿನ ದಿನ, ಯಲಹಂಕದಲ್ಲಿ ಎರಡು ಹಾಕ್‌ಗಳು ಆಕಾಶದಲ್ಲೇ ತಾಗಿದವು. ಒಂದರಲ್ಲಿದ್ದ ಇಬ್ಬರು ಹೊರಗೆ ಚಿಮ್ಮಿ ಉಳಿದರು. ಇನ್ನೊಂದರಲ್ಲಿದ್ದ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಉಳಿಯಲಿಲ್ಲ. ರೆಕ್ಕೆಯಿಂದ ರೆಕ್ಕೆಗೆ 5 ಮೀಟರ್‌ ಕೂಡ ಇಲ್ಲದ ಹಾಗೆ ಹಾರುವ ಕೆಲಸ ಇದು. ಯುದ್ಧದಲ್ಲಿ ಸತ್ತರೆ ಕಾರಣ ಕೇಳುವವರಿಲ್ಲ, ಪ್ರದರ್ಶನದಲ್ಲಿ ಸತ್ತಾಗ ಮನೆಯವರಿಗೆ ನಾವು ಒಂದು ಕಾರಣ ಹೇಳಲೇಬೇಕು ಅಲ್ವಾ?

ಸಾಮಾನ್ಯವಾಗಿ ಹೇಳುವ ಕಾರಣ ನೇಮಕಾತಿ. ಏರ್ ಶೋ ನೋಡಿ ಹುಡುಗರು ಸೇನೆಗೆ ಬರುತ್ತಾರೆ ಅಂತ. ನನಗೆ ಇದು ಅಷ್ಟು ಗಟ್ಟಿ ಕಾರಣ ಅನಿಸುವುದಿಲ್ಲ. ನಮ್ಮ ದೇಶದಲ್ಲಿ ಸೇನೆಯ ಕೆಲಸಕ್ಕೆ ಅರ್ಜಿ ಹಾಕುವವರಿಗೇನೂ ಬರ ಇಲ್ಲ, ನೇಮಕಾತಿ ಇದೆ ಅಂದರೆ ಹಿಂದಿನ ರಾತ್ರಿಯೇ ಬಂದು ಮೈದಾನದಲ್ಲಿ ಮಲಗುತ್ತಾರೆ.

ವಿದೇಶಕ್ಕೆ ಮಾರಬಹುದು ಅನ್ನುವುದು ಇನ್ನೊಂದು. ಸಾರಂಗ್ ಮೊದಲ ಸಲ ಜನರ ಮುಂದೆ ಹಾರಿದ್ದೇ 2004ರಲ್ಲಿ ಸಿಂಗಾಪುರದಲ್ಲಿ, ಧ್ರುವ್ ಎಷ್ಟು ಚುರುಕು ಅಂತ ಲೋಕಕ್ಕೆ ತೋರಿಸಿತು. ಈಕ್ವೆಡಾರ್ ದೇಶ 7 ಧ್ರುವ್ ಕೊಂಡುಕೊಂಡಿತು. ಅದರಲ್ಲಿ ನಾಲ್ಕು ಬಿದ್ದವು, 2015ರಲ್ಲಿ ಅವರು ಒಪ್ಪಂದವನ್ನೇ ರದ್ದು ಮಾಡಿದರು. ಚೆನ್ನಾಗಿ ಹಾರಿಸಿ ತೋರಿಸಿದರೆ ಒಂದು ಸಲ ಮಾರಬಹುದು, ಆಮೇಲೆ ಉಳಿಸಿಕೊಳ್ಳುವುದು ಬಿಡಿಭಾಗ, ರಿಪೇರಿ, ತರಬೇತಿ. ಇನ್ನು ಹಾಕ್ ಅಂತೂ ಬ್ರಿಟನ್ನಿನ ವಿನ್ಯಾಸ, ಅದನ್ನು ನಾವು ಮಾರುವ ಪ್ರಶ್ನೆಯೇ ಇಲ್ಲ.

ಹಾಗಾದರೆ ನಾನು ಯಾಕೆ ಬೇಕು ಅನ್ನುತ್ತೇನೆ? ಸರ್ಕಾರ ಮಾಡುವ ಖರ್ಚಿನಲ್ಲಿ ಜನರ ಕಣ್ಣಿಗೆ ಅತಿ ಕಡಿಮೆ ಬೀಳುವುದು ರಕ್ಷಣೆಯ ಖರ್ಚು. ರಸ್ತೆ ಹಾಕಿದರೆ ಗುಂಡಿ ಬಿದ್ದಿದೆಯಾ ಅಂತ ನೋಡುತ್ತೀರಿ. ಆಸ್ಪತ್ರೆಯಲ್ಲಿ ಔಷಧಿ ಇಲ್ಲದಿದ್ದರೆ ಕೂಗಾಡುತ್ತೀರಿ. ನಮ್ಮೂರಿನಲ್ಲೇ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಎಂಸಿಎಫ್, 1982ರಿಂದ ಇದೆ, ಉಪಗ್ರಹ ನೋಡಿಕೊಳ್ಳುತ್ತಾರೆ, ಒಳಗೆ ಹೋಗೋಕೆ ಆಗದಿದ್ದರೂ ಹವಾಮಾನ, ಟಿವಿ ಅಂತ ಅದರ ಫಲ ಮನೆಗೆ ಬರುತ್ತದೆ. ವಾಯುನೆಲೆಯ ಗೋಡೆಯೊಳಗೆ ಏನಾಗುತ್ತದೆ ಅಂತ ನಿಮಗೆ ಹೇಗೆ ಗೊತ್ತಾಗಬೇಕು? ಗುಟ್ಟಾಗಿರಬೇಕಾದದ್ದು ಗುಟ್ಟಾಗಿಯೇ ಇರಲಿ. ಆದರೆ ಕೆಲಸ ಎಷ್ಟು ಅಚ್ಚುಕಟ್ಟು ಅನ್ನುವುದನ್ನು ನೋಡುವ ಹಕ್ಕು ದುಡ್ಡು ಕೊಟ್ಟವರಿಗೆ ಇದೆ.

ಒಂಬತ್ತು ವಿಮಾನ ಒಂದೇ ನಿಮಿಷಕ್ಕೆ ಸಿದ್ಧವಾಗಿ ನಿಲ್ಲುವುದು ಅಂದರೆ ಏನು ಅಂತ ಹೇಳುತ್ತೇನೆ. ಬೆಳಿಗ್ಗೆ ಹಾರಾಟಕ್ಕೆ ಮುಂಚೆ ಎಲ್ಲರೂ ಅಡ್ಡಸಾಲಾಗಿ ನಿಂತು, ತಲೆ ಬಗ್ಗಿಸಿ, ವಿಮಾನ ಓಡಾಡುವ ಜಾಗದುದ್ದಕ್ಕೂ ನಡೆಯುತ್ತೇವೆ. ಒಂದು ಕಲ್ಲಿನ ಚೂರು, ಒಂದು ತುಂಡು ತಂತಿ ಕಂಡರೂ ಎತ್ತಿ ಜೇಬಿಗೆ. ಅದು ಎಂಜಿನ್ನಿನೊಳಗೆ ಹೋದರೆ ಬ್ಲೇಡ್ ಮುರಿಯುತ್ತದೆ. ಹ್ಯಾಂಗರ್‌ನಲ್ಲಿ ಪ್ರತಿ ಸ್ಪ್ಯಾನರ್‌ಗೂ ಹಲಗೆಯ ಮೇಲೆ ಅದರದೇ ಆಕಾರ ಬರೆದಿರುತ್ತದೆ. ಕೆಲಸ ಮುಗಿದಾಗ ಒಂದು ಆಕಾರ ಖಾಲಿ ಕಂಡರೆ ವಿಮಾನ ಹಾರುವುದಿಲ್ಲ, ಯಾರೇ ಬಂದು ಹೇಳಲಿ ಹಾರುವುದಿಲ್ಲ. ಮಧ್ಯರಾತ್ರಿ ಆದರೂ ಟಾರ್ಚ್ ಹಿಡಿದು ಹುಡುಕಬೇಕು, ಸಿಕ್ಕ ಮೇಲೆ ಪುಸ್ತಕದಲ್ಲಿ ಸಹಿ ಹಾಕಬೇಕು, ಆ ಸಹಿಗೆ ನಂಬಿ ಇನ್ನೊಬ್ಬ ಮನುಷ್ಯ ಒಳಗೆ ಕೂರುತ್ತಾನೆ. ನೀವು ಆಕಾಶದಲ್ಲಿ ನೋಡುವ ನೇರ ಗೆರೆಯಲ್ಲಿ ಇದೂ ಇದೆ. ಇಂಥ ಕೆಲಸ ನಮ್ಮ ಜನರಿಂದ ಆಗುತ್ತದೆ ಅಂತ ಆಲೂರಿನ ಮಗು ಕಣ್ಣಾರೆ ನೋಡುವುದಕ್ಕೆ ನಾನು ಬೆಲೆ ಕೊಡುತ್ತೇನೆ.

ಹಾರದೇ ಇದ್ದಾಗಲೂ ಜನರಿಗೆ ಒಂದು ವಿಷಯ ಗೊತ್ತಾಗುತ್ತದೆ. 2025ರ ಜನವರಿಯಲ್ಲಿ ಪೋರಬಂದರ್‌ನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಬಿದ್ದ ಮೇಲೆ ದೇಶದ ಧ್ರುವ್‌ಗಳನ್ನೆಲ್ಲ ನಿಲ್ಲಿಸಿದರು. ಮರು ತಿಂಗಳು ಏರೋ ಇಂಡಿಯಾದಲ್ಲಿ ಸಾರಂಗ್ ಇರಲಿಲ್ಲ. ಹಾಸನದಿಂದ ಹೋದ ಹುಡುಗರು ವಾಪಸ್ ಬಂದು "ಸಾರಂಗ್ ಯಾಕಿಲ್ಲ ಅಂಕಲ್?" ಅಂತ ನನ್ನನ್ನೇ ಕೇಳಿದರು. ಪೇಪರಿನ ಮೂಲೆಯಲ್ಲಿ ಬಂದ ಸುದ್ದಿ ಅವರಿಗೆ ಅಲ್ಲಿ ಖಾಲಿ ಆಕಾಶ ನೋಡಿ ಅರ್ಥವಾಯಿತು. 2011ರಲ್ಲೂ ಹಾಗೇ, ತರಬೇತಿ ವಿಮಾನ ಇಲ್ಲ ಅನ್ನುವುದು ಸೂರ್ಯಕಿರಣ್ ನಿಂತಾಗ ಊರಿಗೆಲ್ಲ ಗೊತ್ತಾಯಿತು.

ಭಾವನಿಗೆ ನಾನು ಹೇಳಿದ್ದು: ಸೂರ್ಯಕಿರಣ್ ಮುಚ್ಚಿದರೆ ಆ ದುಡ್ಡು ಆಲೂರಿಗೆ ಬರುವುದಿಲ್ಲ. ಅದು ಕೇಂದ್ರದ ರಕ್ಷಣೆಯ ದುಡ್ಡು, ಆನೆ ಪರಿಹಾರ ರಾಜ್ಯದ ಅರಣ್ಯದ ಬಾಬತ್ತು. ಆದರೆ ಇಷ್ಟು ಹೇಳಿ ಅವರ ಬಾಯಿ ಮುಚ್ಚಿಸುವುದು ನನಗೆ ಇಷ್ಟವಿಲ್ಲ. ಅವರ ಸಿಟ್ಟಿನಲ್ಲಿ ನ್ಯಾಯ ಇದೆ. ತೆರಿಗೆ ಕೊಟ್ಟವರು ಅವರು, ನೋಡುವವರು ಯಾರು? 2023ರಲ್ಲಿ ಅಹಮದಾಬಾದ್‌ನ ವಿಶ್ವಕಪ್ ಫೈನಲ್‌ಗೆ ಇದೇ ತಂಡ ಸ್ಟೇಡಿಯಂ ಮೇಲೆ ಹಾರಿತು. ಟಿಕೆಟ್ ಮಾರಿ, ಜಾಹೀರಾತು ಮಾರಿ ದುಡ್ಡು ಮಾಡುವ ಆಟಕ್ಕೆ ವಾಯುಪಡೆಯ ವಿಮಾನ ಯಾಕೆ ಹಾರಬೇಕು? ಹಾರಲೇಬೇಕಿದ್ದರೆ ಗಂಟೆಗೆ ಇಷ್ಟು ಅಂತ ಪೂರ್ತಿ ಖರ್ಚು ವಸೂಲಿ ಮಾಡಬೇಕು.

ಅದೇ ಗಂಟೆಯನ್ನು ಹಾಸನಕ್ಕೆ, ಚಿಕ್ಕಮಗಳೂರಿಗೆ, ರಾಯಚೂರಿಗೆ ಕೊಡಲಿ. "ನಮ್ಮಲ್ಲಿ ವಿಮಾನ ನಿಲ್ದಾಣವೇ ಮುಗಿದಿಲ್ಲವಲ್ಲ" ಅನ್ನುತ್ತಾರೆ, ಹಾಸನದ ಭೂವನಹಳ್ಳಿ ನಿಲ್ದಾಣದ ಕಥೆ ನಮಗೆಲ್ಲ ಗೊತ್ತೇ ಇದೆ. ಪ್ರದರ್ಶನ ನಡೆಯುವ ಜಾಗದಲ್ಲಿ ವಿಮಾನ ಇಳಿಯಲೇಬೇಕು ಅಂತಿಲ್ಲ. 2023ರ ದಸರಾದಲ್ಲಿ ಬನ್ನಿಮಂಟಪದ ಮೇಲೆ ಹಾರಿದ ವಿಮಾನಗಳು ಆ ಮೈದಾನದಲ್ಲಿ ಇಳಿದವಾ? ಯಲಹಂಕದಿಂದ ಹಾಸನದ ಆಕಾಶಕ್ಕೆ ಹಾಕ್‌ಗೆ 20 ನಿಮಿಷ ಸಾಕು. ಮಳೆಗಾಲ ಕಳೆದು ಡಿಸೆಂಬರ್, ಜನವರಿಯಲ್ಲಿ ನಮ್ಮ ಆಕಾಶ ಎಷ್ಟು ತಿಳಿಯಾಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಬೆಳಗಿನ ಮಂಜು ಏಳುವ ತನಕ ಕಾಯಬೇಕು, ಅಷ್ಟೇ.

ಜಿಲ್ಲಾಡಳಿತ ಮನವಿ ಕಳಿಸಿದರೆ ನಾನು ಸಂತೋಷದಿಂದ ಓಡಾಡುತ್ತೇನೆ. ಆದರೆ ಒಂದು ಷರತ್ತು. 2024ರ ಅಕ್ಟೋಬರ್‌ನಲ್ಲಿ ಚೆನ್ನೈ ಮರೀನಾದಲ್ಲಿ ವಿಮಾನಗಳಿಗೆ ಏನೂ ಆಗಲಿಲ್ಲ, ಕೆಳಗೆ ಬಿಸಿಲಲ್ಲಿ ಲಕ್ಷಾಂತರ ಜನ ಸೇರಿ ಐದು ಮಂದಿ ಸತ್ತರು. ಹಾಸನಾಂಬೆಯ ದರ್ಶನಕ್ಕೆ ಸಾಲು ನಿಲ್ಲಿಸಿ ಗೊತ್ತಿರುವ ಊರು ನಮ್ಮದು. ಗಣ್ಯರ ಶಾಮಿಯಾನ ಎಲ್ಲಿ ಅಂತ ಚರ್ಚೆ ಮಾಡುವ ಮೊದಲು ಕುಡಿಯುವ ನೀರು ಎಲ್ಲೆಲ್ಲಿ, ನೆರಳು ಎಲ್ಲಿ, ಮುಗಿದ ಮೇಲೆ ಅರಕಲಗೂಡು, ಸಕಲೇಶಪುರ, ಬೇಲೂರಿನ ಕಡೆ ಬಸ್ಸು ಯಾವ ಗೇಟಿನಿಂದ ಹೊರಡುತ್ತದೆ ಅನ್ನುವ ಪಟ್ಟಿ ಮಾಡಿ ಮನವಿಯ ಜೊತೆಗೇ ಕಳಿಸಬೇಕು. ಆ ಪಟ್ಟಿ ಮಾಡೋಕೆ ನಾನೂ ಬರುತ್ತೇನೆ, ಇಲ್ಲಿರುವ ಇನ್ನೂ ಕೆಲವು ಮಾಜಿ ಸೈನಿಕರನ್ನೂ ಕರೆತರುತ್ತೇನೆ.