ಮಂಗಳ ಗ್ರಹದ ಆಲೂಗೆಡ್ಡೆಗೆ ಬಿತ್ತನೆ ಎಲ್ಲಿಂದ ಬಂತು?

ಮೇ ತಿಂಗಳ ಕೊನೆ. ಎರಡು ಹದ ಮಳೆ ಬಿದ್ದಿತ್ತು. ಜಗಲಿ ಮೇಲೆ ಗೋಣಿಚೀಲ ಹಾಸಿಕೊಂಡು ಅಪ್ಪ, ಅಮ್ಮ, ನಾನು ಬಿತ್ತನೆ ಆಲೂಗೆಡ್ಡೆ ಹೆಚ್ಚುತ್ತಾ ಕೂತಿದ್ದೆವು. ಹಾಸನದ ಕಡೆಯವರಿಗೆ ಇದು ಗೊತ್ತಿರುತ್ತೆ. ಜಲಂಧರ್ ಕಡೆಯಿಂದ ಬಂದ ಗೆಡ್ಡೆ. ಒಂದೊಂದು ತುಂಡಿಗೂ ಮೊಳಕೆ ಒಡೆಯುವ ಎರಡು ಕಣ್ಣಾದರೂ ಇರಬೇಕು, ಕೊಳೆತದ್ದು ಸಿಕ್ಕಿದರೆ ಚಾಕು ತೊಳೆದುಕೊಂಡೇ ಮುಂದಿನದಕ್ಕೆ ಕೈ ಹಾಕಬೇಕು. ಕೈಗೆ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ಓದುತ್ತಿದ್ದ ಕಾದಂಬರಿ, ಆಂಡಿ ವಿಯರ್ ಬರೆದ 'ದಿ ಮಾರ್ಷಿಯನ್', ಅದರ ಕತೆ ಶುರುಮಾಡಿದೆ.

ನಮ್ಮಪ್ಪ ನನ್ನ ಕೈಯಲ್ಲಿ ಇಂಥ ಪುಸ್ತಕ ಕಂಡಾಗೆಲ್ಲ ಕೇಳೋದು ಒಂದೇ ಮಾತು. "ಇಲ್ಲದ್ದನ್ನ ಓದಿ ಏನವ್ವ ಬರುತ್ತೆ?" ರಾಕೆಟ್ಟು, ಡ್ರ್ಯಾಗನ್ನು, ಬೇರೆ ಲೋಕದ ರಾಜರು. ಇಷ್ಟು ವರ್ಷ ಈ ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಅವತ್ತು ಅಪ್ಪನೇ ಉತ್ತರ ಕೊಟ್ಟರು.

ಕತೆ ಇಷ್ಟು. ಮಂಗಳ ಗ್ರಹಕ್ಕೆ ಹೋದ ಒಬ್ಬ ಅಲ್ಲೇ ಒಂಟಿಯಾಗಿ ಉಳಿದುಬಿಡುತ್ತಾನೆ. ಜೊತೆಯವರು ಅವನು ಸತ್ತ ಅಂದುಕೊಂಡು ಹೊರಟುಬಿಟ್ಟಿರುತ್ತಾರೆ. ಇರುವ ಊಟ ಸಾಲುವುದಿಲ್ಲ, ಅದಕ್ಕೆ ಆಲೂಗೆಡ್ಡೆ ಬೆಳೆಯುತ್ತಾನೆ.

"ಬಿತ್ತನೆ ಎಲ್ಲಿತ್ತು ಅವನತ್ರ?"

"ಹಬ್ಬದಡುಗೆಗೆ ಅಂತ ಹಸಿ ಗೆಡ್ಡೆ ಕಳಿಸಿರ್ತಾರಪ್ಪ."

"ತಿನ್ನೋ ಗೆಡ್ಡೆನಾ? ಹೆಂಗೆ ಹೆಚ್ಚಿದ?"

"ನಾಲ್ಕು ತುಂಡು. ತುಂಡಿಗೆ ಎರಡು ಕಣ್ಣಾದರೂ ಇರೋ ಹಾಗೆ."

ಅಪ್ಪ ಕೈಯಲ್ಲಿದ್ದ ತುಂಡನ್ನು ಒಮ್ಮೆ ತಿರುಗಿಸಿ ನೋಡಿದರು. "ಗೊತ್ತಿರೋನೇ ಬಿಡು" ಅಂದರು.

ಆಮೇಲೆ ಶುರುವಾಯ್ತು. ಗೊಬ್ಬರಕ್ಕೆ ಏನು ಮಾಡಿದ? ಮನುಷ್ಯರ ಮಲವನ್ನೇ ಬಳಸಿಕೊಂಡ ಅಂದೆ, ಅಮ್ಮ ಮುಖ ಸಿಂಡರಿಸಿದರು, ಅಪ್ಪ ಮಾತ್ರ ತಲೆಯಾಡಿಸಿದರು. ನೀರು? ರಾಕೆಟ್ಟಿನ ಇಂಧನದಿಂದ ಹೈಡ್ರೋಜನ್ ಬೇರೆ ಮಾಡಿ, ಉರಿಸಿ, ನೀರು ಮಾಡಿಕೊಂಡ. ಸರಿ, ಮಣ್ಣು? ಇಲ್ಲಿ ನಾನು ಪುಸ್ತಕ ಬಿಟ್ಟು ಹೊರಗೆ ಬರಬೇಕಾಯಿತು. ಮಂಗಳದ ಮಣ್ಣಲ್ಲಿ ಪರ್ಕ್ಲೋರೇಟ್ ಅನ್ನುವ ಲವಣ ಇದೆ ಅಂತ 2008ರಲ್ಲಿ ಫೀನಿಕ್ಸ್ ಅನ್ನೋ ನೌಕೆ ಅಲ್ಲಿಳಿದು ಪತ್ತೆ ಮಾಡಿತು. ಮೈಗೆ ಒಳ್ಳೆಯದಲ್ಲ, ಆದರೆ ನೀರಲ್ಲಿ ಚೆನ್ನಾಗಿ ಕರಗುತ್ತೆ. ಅಷ್ಟು ಹೇಳಿದ್ದೇ ತಡ, ಅಪ್ಪ ಅಂದರು: "ಚೌಳು ಮಣ್ಣು ಅನ್ನು. ನೀರು ನಿಲ್ಲಿಸಿ ತೊಳೆದು ಬಸೀಬೇಕು. ಅಷ್ಟು ನೀರು ಎಲ್ಲೈತೆ ಅವನತ್ರ?"

ನಾನು ಚಾಕು ಕೆಳಗಿಟ್ಟು ಅಪ್ಪನ ಮುಖವನ್ನೇ ನೋಡಿದೆ. ಇಲ್ಲದ ಲೋಕದ, ಇಲ್ಲದ ಮನುಷ್ಯನ, ಇಲ್ಲದ ಹೊಲಕ್ಕೆ ನೀರು ಸಾಲುತ್ತೋ ಇಲ್ಲವೋ ಅಂತ ಅಪ್ಪ ನಿಜವಾಗಿ ಯೋಚನೆ ಮಾಡುತ್ತಿದ್ದರು. ನಾನು ರಾತ್ರಿ ಹನ್ನೆರಡರವರೆಗೂ ದೀಪ ಹಾಕಿಕೊಂಡು ಮಾಡುವುದೂ ಇದನ್ನೇ ಅಲ್ವಾ?

ಇಂಥ ಕತೆಗಳು ನಮ್ಮ ಹತ್ತಿರ ಒಂದೇ ಒಂದು ಸುಳ್ಳನ್ನು ಒಪ್ಪಿಸುತ್ತವೆ. ಅದೊಂದನ್ನು ಒಪ್ಪಿಕೊಂಡುಬಿಟ್ಟರೆ ಮಿಕ್ಕಿದ್ದಕ್ಕೆಲ್ಲ ಲೆಕ್ಕ ಕೊಡಲೇಬೇಕು. ಓದುವವರಿಗೆ ಖುಷಿ ಸಿಗುವುದು ಆ ಲೆಕ್ಕ ಕೇಳುವುದರಲ್ಲಿ. ಹಾಗಾದ್ರೆ ಮುಂದೇನು, ಅದಕ್ಕೆ ಬೆಲೆ ಏನು ಕೊಟ್ಟ, ಅದು ನಡೆದರೆ ಇದು ಹೇಗೆ ನಡೆಯುತ್ತೆ ಅಂತ ಬೆನ್ನು ಹತ್ತೋದರಲ್ಲಿ. ಕತೆ ಎಲ್ಲಾದರೂ ಲೆಕ್ಕ ತಪ್ಪಿಸಿದರೆ ಪುಟ್ಟ ಮಕ್ಕಳಿಗೂ ಗೊತ್ತಾಗಿಬಿಡುತ್ತೆ, ಬೇಜಾರಾಗುತ್ತೆ.

ನಮ್ಮಜ್ಜಿಗೆ ಇದು ಚೆನ್ನಾಗಿ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ನಮ್ಮೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿರುತ್ತಿದ್ದರು. ದೆವ್ವ ಬಂದು ಅದನ್ನು ಓದುತ್ತೆ, ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಓದುತ್ತೆ. "ದಿನಾ ಬಂದರೂ ಅದಕ್ಕೆ ಯಾಕಜ್ಜಿ ಗೊತ್ತಾಗಲ್ಲ?" ಅಂತ ಕೇಳಿದ್ದೆ. ಅಜ್ಜಿ ವೀಳ್ಯದೆಲೆಗೆ ಸುಣ್ಣ ಸವರಿ ಸುತ್ತುತ್ತಾ, "ಗೊತ್ತಾಗುತ್ತೆ. ಆದರೆ ಮಾತಿಗೆ ತಪ್ಪಲ್ಲ" ಅಂದಿದ್ದರು. ಅವತ್ತಿನಿಂದ ನನಗೆ ದೆವ್ವದ ಭಯ ಅರ್ಧ ಕಡಿಮೆಯಾಯಿತು, ಕತೆಯ ಹುಚ್ಚು ಜಾಸ್ತಿಯಾಯಿತು. ದೆವ್ವಕ್ಕೂ ಒಂದು ಕಟ್ಟುಪಾಡು ಇದೆ! ಏಳು ಸಮುದ್ರದಾಚೆ ಗಿಣಿಯಲ್ಲಿ ರಾಕ್ಷಸನ ಜೀವ ಇದೆ ಅಂದಮೇಲೆ ರಾಕ್ಷಸನ ತಲೆ ಕಡಿದರೆ ಆಗೋದಿಲ್ಲ, ಗಿಣಿಯನ್ನೇ ಹುಡುಕಬೇಕು. ಫ್ಯಾಂಟಸಿ ಅಂತ ಈಗ ಕರೆಯೋದನ್ನ ನಾವು ಹಾಲು ಕುಡಿಯುವ ವಯಸ್ಸಿಂದ ಕೇಳಿಕೊಂಡೇ ಬಂದಿದ್ದೇವೆ.

ಹಳೇಬೀಡಿಗೆ ಹೋದರೆ ಗೋಡೆಯ ಪಟ್ಟಿಗಳಲ್ಲಿ ಆನೆ ಸಾಲು, ಕುದುರೆ ಸಾಲು ನೋಡಿ ಮುಂದೆ ಹೋಗಬೇಡಿ, ಮಕರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ ಅಂತ ಗೈಡ್‌ಗಳು ಬೆರಳಿಟ್ಟು ತೋರಿಸುತ್ತಾರೆ. ಅಂಥ ಪ್ರಾಣಿ ಎಲ್ಲೂ ಇಲ್ಲ. ಆದರೆ ಸೊಂಡಿಲು ಸೊಂಡಿಲಿನ ಹಾಗೇ ಮಡಚಿಕೊಂಡಿದೆ. ಸುಳ್ಳಿರೋದು ಜೋಡಣೆಯಲ್ಲಿ ಮಾತ್ರ.

ಇನ್ನು ಸೈನ್ಸ್ ಫಿಕ್ಷನ್‌ಗೂ ನಮ್ಮೂರಿಗೂ ಏನು ಸಂಬಂಧ ಅಂತ ಕೇಳುವವರಿಗೆ ಹಾಸನದ ಸಾಲಗಾಮೆ ರಸ್ತೆ ತೋರಿಸುತ್ತೇನೆ. ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ, 1982ರಿಂದ ಅಲ್ಲಿದೆ. ದೊಡ್ಡ ದೊಡ್ಡ ಆಂಟೆನಾಗಳು. ಭೂಮಿಯ ಸಮಭಾಜಕದ ನೇರಕ್ಕೆ ಸುಮಾರು 36,000 ಕಿಲೋಮೀಟರ್ ಮೇಲೆ ಒಂದು ಉಪಗ್ರಹ ಇಟ್ಟರೆ, ಅದು ಒಂದು ಸುತ್ತು ಬರುವ ಹೊತ್ತು, ಭೂಮಿ ಒಂದು ಸುತ್ತು ತಿರುಗುವ ಹೊತ್ತು ಸಮ ಆಗಿ ಅದು ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಇರುತ್ತೆ. ಅಲ್ಲಿ ಮೂರು ನಿಲ್ದಾಣ ಇಟ್ಟರೆ ಇಡೀ ಭೂಮಿಗೆ ರೇಡಿಯೋ ಮುಟ್ಟಿಸಬಹುದು ಅಂತ 1945ರಲ್ಲೇ ಲೆಕ್ಕ ಹಾಕಿ ಒಂದು ಪತ್ರಿಕೆಗೆ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಮುಂದೆ ಸೈನ್ಸ್ ಫಿಕ್ಷನ್ ಬರೆದು ಹೆಸರಾದವರು. ಆಗ ಒಂದು ಉಪಗ್ರಹವೂ ಮೇಲೆ ಹೋಗಿರಲಿಲ್ಲ, ಮೊದಲನೆಯದು ಹಾರಿದ್ದೇ 1957ರಲ್ಲಿ. ಅವರ ಊಹೆ ತಪ್ಪಿದ್ದು ಒಂದು ಕಡೆ. ಆ ನಿಲ್ದಾಣಗಳಲ್ಲಿ ಜನ ಇದ್ದುಕೊಂಡು ಕೆಲಸ ಮಾಡುತ್ತಾರೆ ಅಂದುಕೊಂಡಿದ್ದರು. ಜನ ಮೇಲೆ ಹೋಗಲಿಲ್ಲ, ಹಾಸನದಲ್ಲೇ ಕೂತು ಕೆಲಸ ಮಾಡುತ್ತಾರೆ. ನಮ್ಮಪ್ಪ ಔಷಧಿ ಹೊಡೆಯುವ ಮುಂಚೆ ಮೊಬೈಲಲ್ಲಿ ನೋಡುವ ಮೋಡದ ಚಿತ್ರ ಬರುವುದು ಅಷ್ಟೆತ್ತರದಲ್ಲಿ ನಿಂತಿರುವ ಇನ್ಸಾಟ್‌ನಿಂದ. ಇದು ನೆನಪಾದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತೆ.

ಕಷ್ಟ ಮರೆಯೋಕೆ ಇಂಥದ್ದು ಓದ್ತಾರೆ ಅಂತ ಜನ ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ನಿಜ, ಅದರಲ್ಲಿ ತಪ್ಪೂ ಇಲ್ಲ. ಆದರೆ ಒಂದು ವರ್ಷ ಹದಿನೈದು ದಿನ ಬಿಡದೆ ಜಡಿಮಳೆ ಹಿಡಿದು, ಆಲೂಗೆಡ್ಡೆ ಗಿಡಕ್ಕೆ ಅಂಗಮಾರಿ ರೋಗ ಬಂದು, ಹಸಿರಾಗಿದ್ದ ಹೊಲ ಬೆಂದ ಹಾಗೆ ಕಪ್ಪಾಯಿತು. ಎರಡು ಸಲ ಔಷಧಿ ಹೊಡೆದಿದ್ದೆವು, ನಿಲ್ಲಲಿಲ್ಲ. ಆ ತಿಂಗಳು ರಾತ್ರಿ ನಾನು ಓದಿದ್ದು ಒಂದು ದಪ್ಪ ಫ್ಯಾಂಟಸಿ ಕಾದಂಬರಿ. ಹೊಲ ಒಂದು ನಿಮಿಷವೂ ಮರೆಯಲಿಲ್ಲ. ಆದರೆ ಆ ಪುಸ್ತಕದಲ್ಲಿ ಒಬ್ಬ ಏನು ಕಳೆದುಕೊಂಡರೂ ಯಾಕೆ ಕಳೆದುಕೊಂಡ ಅನ್ನುವುದು ಗೊತ್ತಾಗುತ್ತಿತ್ತು, ಅಷ್ಟು ಸಾಕಾಗಿತ್ತು ನನಗೆ. ಬೆಳಗ್ಗೆ ಎದ್ದು ಅಪ್ಪನ ಜೊತೆ ಹೊಲದ ಬದುವಿನ ಮೇಲೆ ನಿಲ್ಲುವಷ್ಟು.

ಜಗಲಿಯ ಕತೆಗೆ ಬರುತ್ತೇನೆ. ಕತ್ತಲಾಗುತ್ತಾ ಬಂದಿತ್ತು. ಅಮ್ಮ ದೀಪ ಹಾಕಲು ಎದ್ದರು. ಅಪ್ಪ ತುಂಬಾ ಹೊತ್ತು ಮಾತಾಡದೆ ಗೆಡ್ಡೆ ಹೆಚ್ಚುತ್ತಿದ್ದವರು ತಟ್ಟನೆ ಕೇಳಿದರು.

"ಅಲ್ಲಿ ಅಂಗಮಾರಿ ಬರಲ್ವೇನವ್ವ?"

"ಬರಲ್ಲಪ್ಪ. ಮಳೆನೇ ಇಲ್ಲ. ಆ ರೋಗ ಇಲ್ಲಿಂದ ಹೋಗಿದ್ರೆ ತಾನೇ."

"ಹಂಗಾದ್ರೆ ಬೆಳೀತಾನೆ ಬಿಡು" ಅಂದು ಇನ್ನೊಂದು ಗೆಡ್ಡೆ ತಗೊಂಡರು.

ಮುಂದೆ ಆ ಬೆಳೆ ಏನಾಗುತ್ತೆ ಅಂತ ನನಗೆ ಗೊತ್ತಿತ್ತು. ಅವತ್ತು ಹೇಳಲಿಲ್ಲ. ಇನ್ನೂ ಎರಡು ಮೂಟೆ ಬಾಕಿ ಇತ್ತು.