ಮದುವೆಯಾಗದ ಮಗನ ಸಂಬಳದ ಅರ್ಧ ಪಾಲು: ಹೆತ್ತವರ ನಷ್ಟವನ್ನು ನ್ಯಾಯಾಲಯ ಎಣಿಸುವ ಬಗೆ

"ನಿಮ್ಮ ಮಗ ತಿಂಗಳಿಗೆ ಎಷ್ಟು ದುಡ್ಡು ಕೊಡುತ್ತಿದ್ದ?" ಎಂದು ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಕೇಳಿದಾಗ, ಕಟಕಟೆಯಲ್ಲಿ ನಿಂತಿದ್ದ ಆ ತಾಯಿ "ಕೇಳಿದಾಗೆಲ್ಲ ಕೊಡುತ್ತಿದ್ದ ಸ್ವಾಮಿ, ಮಗ ಕೊಟ್ಟಿದ್ದಕ್ಕೆ ಯಾರು ಲೆಕ್ಕ ಇಡುತ್ತಾರೆ?" ಎಂದರು. ಅಪಘಾತ ಪರಿಹಾರದ ಅರ್ಜಿಗಳನ್ನು ನಡೆಸುವ ವಕೀಲನಾಗಿ ನಾನು ಇಂಥ ಉತ್ತರವನ್ನು ಹಲವು ಬಾರಿ ಕೇಳಿದ್ದೇನೆ. ಮನೆಯೊಳಗಿನ ಸತ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ. ಆದರೆ ಲೆಕ್ಕವಿಡದ ಮನೆಯ ನಷ್ಟವನ್ನು ಲೆಕ್ಕಕ್ಕೆ ತರುವುದೇ ನ್ಯಾಯಮಂಡಳಿಯ ಕೆಲಸವಾದ್ದರಿಂದ, ಅದೇ ಉತ್ತರ ಆ ತಾಯಿಗೆ ಲಕ್ಷಾಂತರ ರೂಪಾಯಿ ಕಡಿಮೆ ತಂದುಕೊಡಬಹುದಿತ್ತು. ದುಡಿಯುವ ವಯಸ್ಸಿನ, ಮದುವೆಯಾಗದ ಮಗ ಅಥವಾ ಮಗಳು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ತಂದೆತಾಯಿಯರ ಆರ್ಥಿಕ ನಷ್ಟವನ್ನು ನಮ್ಮ ನ್ಯಾಯಾಲಯಗಳು ಹೇಗೆ ಎಣಿಸುತ್ತವೆ, ಆ ಎಣಿಕೆಯಲ್ಲಿ ಎಲ್ಲಿ ಎಚ್ಚರ ಬೇಕು ಎಂಬುದನ್ನು ಆ ಪ್ರಕರಣವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಈ ಲೆಕ್ಕದ ಮುಖ್ಯ ಭಾಗ ದುಃಖವನ್ನು ಅಳೆಯುವುದೇ ಇಲ್ಲ. 1846ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಾರಣಾಂತಿಕ ಅಪಘಾತಗಳ ಕಾಯ್ದೆ ಮತ್ತು ಅದನ್ನು ಅನುಸರಿಸಿ 1855ರಲ್ಲಿ ಭಾರತದಲ್ಲಿ ಬಂದ ಕಾಯ್ದೆಗಳಿಂದ ಹುಟ್ಟಿದ ತತ್ವವೆಂದರೆ, ಸತ್ತವರು ಬದುಕಿದ್ದರೆ ಉಳಿದವರಿಗೆ ಯಾವ ಹಣಕಾಸಿನ ನೆರವು ಸಿಗುತ್ತಿತ್ತೆಂದು ನ್ಯಾಯವಾಗಿ ನಿರೀಕ್ಷಿಸಬಹುದಿತ್ತೋ ಅದರ ಬೆಲೆಯನ್ನು ಕಟ್ಟಿಕೊಡಬೇಕು ಎಂಬುದು. ಆ ನೆರವು ಆಗಲೇ ಕೈಗೆ ಬರುತ್ತಿರಬೇಕೆಂದೇನೂ ಇಲ್ಲ. 1913ರಲ್ಲಿ ಟಾಫ್ ವೇಲ್ ರೈಲ್ವೆ ಪ್ರಕರಣದಲ್ಲಿ ಬಟ್ಟೆ ಹೊಲಿಯುವ ಕೆಲಸ ಕಲಿಯುತ್ತಿದ್ದ, ಇನ್ನೂ ಸಂಪಾದನೆ ಶುರುವಾಗದ ಹದಿನಾರು ವರ್ಷದ ಹುಡುಗಿಯ ಸಾವಿಗೂ ಪರಿಹಾರ ಪಡೆಯುವ ಹಕ್ಕು ಆಕೆಯ ತಂದೆಗಿದೆ ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಒಪ್ಪಿತು. ಇಂದು ನಮ್ಮಲ್ಲಿ ಮೋಟಾರು ವಾಹನಗಳ ಕಾಯ್ದೆ, 1988ರ 166ನೇ ಕಲಮಿನಡಿ ಅರ್ಜಿ ಹಾಕುತ್ತೇವೆ. 168ನೇ ಕಲಮು ನ್ಯಾಯಮಂಡಳಿಗೆ ಹೇಳುವುದು ಇಷ್ಟೇ: ನ್ಯಾಯೋಚಿತವೆಂದು ಕಾಣುವ ಪರಿಹಾರವನ್ನು ಕೊಡಿ. ನ್ಯಾಯೋಚಿತ ಎಂಬ ಆ ಒಂದು ಪದಕ್ಕೆ ಅಂಕಿಗಳನ್ನು ತುಂಬಿದ್ದು ಸುಪ್ರೀಂ ಕೋರ್ಟಿನ ತೀರ್ಪುಗಳು. ಅವುಗಳಲ್ಲಿ ದಿನನಿತ್ಯ ಕೈಯಲ್ಲಿ ಹಿಡಿಯುವಂಥವು ಎರಡು, 2009ರ ಸರಳಾ ವರ್ಮಾ ಮತ್ತು 2017ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ಪ್ರಣಯ್ ಸೇಥಿ.

ನಾನು ಹೇಳುತ್ತಿರುವ ಹುಡುಗನಿಗೆ ಇಪ್ಪತ್ತೇಳು ವರ್ಷ. ಖಾಸಗಿ ಕೆಲಸ, ತಿಂಗಳಿಗೆ 20,000 ರೂಪಾಯಿ ಸಂಬಳ. ತಾಯಿ ವಿಧವೆ, ಐವತ್ತೆರಡು ವರ್ಷ. ಕೆಳಗೆ ಓದುತ್ತಿರುವ ಇಬ್ಬರು ತಂಗಿಯರು, ಒಬ್ಬ ತಮ್ಮ. ನಿಗದಿತ ಸಂಬಳದವರು ಮತ್ತು ಸ್ವಂತ ಉದ್ಯೋಗದವರು ನಲವತ್ತರೊಳಗಿದ್ದರೆ ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಶೇ 40ರಷ್ಟನ್ನು ಸೇರಿಸಬೇಕೆಂದು ಪ್ರಣಯ್ ಸೇಥಿ ಹೇಳುತ್ತದೆ. ಕಾಯಂ ನೌಕರಿಯಾದರೆ ಅದು ಶೇ 50. ಹಾಗಾಗಿ 20,000 ರೂಪಾಯಿ 28,000 ಆಗುತ್ತದೆ. ಇದರಲ್ಲಿ ಮೃತನ ಸ್ವಂತ ಖರ್ಚನ್ನು ಕಳೆದು, ಉಳಿದದ್ದನ್ನು ಹನ್ನೆರಡರಿಂದ ಗುಣಿಸಿ, ಮತ್ತೆ ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಹದಿನೈದರಿಂದ ಇಪ್ಪತ್ತೈದು ವರ್ಷದವರಿಗೆ ಗುಣಕ 18, ಇಪ್ಪತ್ತಾರರಿಂದ ಮೂವತ್ತರವರಿಗೆ 17, ಹೀಗೆ ಇಳಿಯುತ್ತಾ ಅರವತ್ತೈದು ದಾಟಿದವರಿಗೆ 5. ಸಂಬಳದ ಚೀಟಿಯೇ ಇಲ್ಲದ ಕೂಲಿಯವರ ವಿಷಯದಲ್ಲಿ ಕರ್ನಾಟಕದ ನ್ಯಾಯಾಲಯಗಳು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ವರ್ಷವಾರು ಸಿದ್ಧಪಡಿಸಿರುವ ಅಂದಾಜು ಆದಾಯದ ಪಟ್ಟಿಯನ್ನು ನೋಡುತ್ತವೆ.

ಸ್ವಂತ ಖರ್ಚು ಎಂಬ ಕಡಿತದಲ್ಲೇ ಹೆತ್ತವರ ಪ್ರಕರಣ ಬೇರೆಯವರ ಪ್ರಕರಣದಿಂದ ದೂರ ಸರಿಯುತ್ತದೆ. ಮದುವೆಯಾದವರಿಗೆ ಮನೆಯಲ್ಲಿ ಎಷ್ಟು ಜನ ಅವಲಂಬಿತರಿದ್ದಾರೆ ಎಂಬುದನ್ನು ನೋಡಿ ಮೂರನೇ ಒಂದು, ನಾಲ್ಕನೇ ಒಂದು ಅಥವಾ ಐದನೇ ಒಂದು ಭಾಗವನ್ನು ಕಳೆಯುತ್ತಾರೆ. ಮದುವೆಯಾಗದವರಿಗೆ ಸಾಮಾನ್ಯವಾಗಿ ನೇರವಾಗಿ ಅರ್ಧ. ಒಂಟಿಯಾಗಿರುವವನು ತನಗಾಗಿ ಹೆಚ್ಚು ಖರ್ಚು ಮಾಡಿಕೊಳ್ಳುತ್ತಾನೆ, ಅಲ್ಲದೆ ಸ್ವಲ್ಪ ಕಾಲದಲ್ಲೇ ಮದುವೆಯಾಗುವ ಸಂಭವವಿದ್ದು ಆಗ ತಂದೆತಾಯಿಗೆ ಕೊಡುವುದು ಬಹಳ ಕಡಿಮೆಯಾಗಬಹುದು ಎಂಬ ಎರಡು ಕಾರಣಗಳನ್ನು ಸರಳಾ ವರ್ಮಾ ತೀರ್ಪು ಕೊಡುತ್ತದೆ. ಎರಡನೆಯ ಕಾರಣವನ್ನು ಒಪ್ಪಿಕೊಳ್ಳುವುದು ನನಗೆ ಇಂದಿಗೂ ಕಷ್ಟ. ನಾನು ಕಂಡ ಮನೆಗಳಲ್ಲಿ ತಂಗಿಯ ಮದುವೆಗೆಂದು, ತಂದೆಯ ಸಾಲ ತೀರಲೆಂದು ತನ್ನ ಮದುವೆಯನ್ನು ಮುಂದೂಡಿದ ಮಕ್ಕಳೇ ಹೆಚ್ಚು, ಅವರ ಸಂಬಳದಲ್ಲಿ ಅವರಿಗೆಂದು ಉಳಿಯುತ್ತಿದ್ದುದು ಬಸ್ಸಿನ ಪಾಸು ಮತ್ತು ಮೊಬೈಲು ರೀಚಾರ್ಜಿನಷ್ಟೇ. ಹಾಗೆಂದು ಒಂದು ಸ್ಥಿರ ನಿಯಮವೇ ಬೇಡ ಎನ್ನಲಾರೆ. ಒಂದೇ ಬಗೆಯ ಸಾವಿಗೆ ಒಂದು ನ್ಯಾಯಮಂಡಳಿ ಒಂದು ಮೊತ್ತ, ಪಕ್ಕದ ನ್ಯಾಯಮಂಡಳಿ ಅದರ ಅರ್ಧ ಕೊಡುವಂತಾಗಬಾರದು ಎಂಬ ಕಾಳಜಿಯಿಂದಲೇ ಆ ತೀರ್ಪು ಬಂದದ್ದು.

ಅದೇ ತೀರ್ಪು ತೆರೆದಿಟ್ಟ ಒಂದು ಬಾಗಿಲನ್ನು ವಕೀಲರೇ ಎಷ್ಟೋ ಸಲ ಮರೆತುಬಿಡುತ್ತಾರೆ. ಮೃತನ ಕುಟುಂಬ ದೊಡ್ಡದಾಗಿದ್ದು ಅವನ ಆದಾಯದ ಮೇಲೆಯೇ ನಿಂತಿದ್ದರೆ, ಉದಾಹರಣೆಗೆ ವಿಧವೆ ತಾಯಿ ಮತ್ತು ಸಂಪಾದನೆಯಿಲ್ಲದ ಹಲವು ತಮ್ಮ ತಂಗಿಯರಿದ್ದರೆ, ಸ್ವಂತ ಖರ್ಚನ್ನು ಮೂರನೇ ಒಂದಕ್ಕೆ ಸೀಮಿತಗೊಳಿಸಿ ಮೂರನೇ ಎರಡು ಭಾಗವನ್ನು ಕುಟುಂಬಕ್ಕೆ ಸೇರಬೇಕಾದದ್ದೆಂದು ಪರಿಗಣಿಸಬಹುದು. ಆ ಹುಡುಗನ ವಿಷಯದಲ್ಲಿ ಅರ್ಧ ಕಳೆದರೆ ಅವಲಂಬನೆಯ ನಷ್ಟ 28,56,000 ರೂಪಾಯಿ, ಮೂರನೇ ಒಂದು ಕಳೆದರೆ 38,08,000. ಒಂದು ಭಿನ್ನರಾಶಿಯ ವ್ಯತ್ಯಾಸ 9,52,000 ರೂಪಾಯಿ.

ಈ ಬಾಗಿಲು ಮಾತಿನಿಂದ ತೆರೆಯುವುದಿಲ್ಲ, ಕಾಗದದಿಂದ ತೆರೆಯುತ್ತದೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಬೇಕಾಗುವಂಥ ಕಟ್ಟುನಿಟ್ಟಿನ ರುಜುವಾತು ಇಲ್ಲಿ ಬೇಕಿಲ್ಲ, ನಂಬಬಹುದಾದಷ್ಟು ಸಂಭವನೀಯತೆ ತೋರಿಸಿದರೆ ಸಾಕು. ಆದರೂ ನ್ಯಾಯಾಧೀಶರ ಮುಂದೆ ಏನಾದರೂ ಇರಬೇಕು. ಒಂದೇ ಪಡಿತರ ಚೀಟಿಯಲ್ಲಿ ಎಲ್ಲರ ಹೆಸರಿರುವುದು, ಮನೆ ಬಾಡಿಗೆ ಮಗನ ಖಾತೆಯಿಂದ ಹೋಗಿರುವುದು, ತಾಯಿಯ ಖಾತೆಗೆ ತಿಂಗಳ ಮೊದಲ ವಾರದಲ್ಲಿ ಫೋನ್‌ಪೇ ಮೂಲಕ ಬಿದ್ದ ಹಣ, ಔಷಧಿ ಅಂಗಡಿಗೆ ಆದ ಪಾವತಿ, ಸಹಕಾರ ಸಂಘದ ಸಾಲದ ಕಂತು, ಇವೆಲ್ಲ ಅವಲಂಬನೆಯ ಸಾಕ್ಷ್ಯವೇ. ಮಗನ ಬ್ಯಾಂಕ್ ಖಾತೆಯ ವಿವರವನ್ನು ಸಂಬಳವೆಷ್ಟು ಎಂದು ತೋರಿಸಲು ಮಾತ್ರ ಹಾಜರುಪಡಿಸಿ ಸುಮ್ಮನಾಗುವುದು ದೊಡ್ಡ ತಪ್ಪು. ಹಣ ಬಂದ ಸಾಲುಗಳಿಗಿಂತ ಹಣ ಹೋದ ಸಾಲುಗಳು ಹೆತ್ತವರ ಪರವಾಗಿ ಹೆಚ್ಚು ಮಾತಾಡುತ್ತವೆ.

ತಂದೆ ಬದುಕಿದ್ದರೆ ಇನ್ನೊಂದು ತೊಡಕು. ಅವರಿಗೆ ಸ್ವಂತ ಆದಾಯವಿರುತ್ತದೆಂದು ಭಾವಿಸಿ ಸಾಮಾನ್ಯವಾಗಿ ತಾಯಿಯನ್ನು ಮಾತ್ರ ಅವಲಂಬಿತೆಯೆಂದು ಎಣಿಸುತ್ತಾರೆ. ಆದರೆ ವ್ಯತಿರಿಕ್ತ ಸಾಕ್ಷ್ಯವಿಲ್ಲದಿದ್ದರೆ ಎಂಬ ಷರತ್ತು ಹೀಗೆ ಹೇಳುವ ಸರಳಾ ವರ್ಮಾ ತೀರ್ಪಿನ ವಾಕ್ಯದಲ್ಲೇ ಇದೆ. ಆದ್ದರಿಂದ ಎಪ್ಪತ್ತು ದಾಟಿದ, ಪಿಂಚಣಿಯಿಲ್ಲದ, ಹೊಲಕ್ಕೆ ಹೋಗಲಾಗದ ತಂದೆ ತಮ್ಮ ಸ್ಥಿತಿಯನ್ನು ಪ್ರಮಾಣಪತ್ರದಲ್ಲಿ ಬಿಡಿಸಿ ಹೇಳಲೇಬೇಕು. ಹೇಳದಿದ್ದರೆ ಅವರು ಲೆಕ್ಕದಲ್ಲಿ ಇಲ್ಲದವರಾಗಿಬಿಡುತ್ತಾರೆ. ಇಷ್ಟಾದರೂ ಅರ್ಜಿ ಹಾಕುವ ಹಕ್ಕು ಕಾನೂನುಬದ್ಧ ವಾರಸುದಾರರದ್ದೇ ಹೊರತು ಅವಲಂಬಿತರದ್ದು ಮಾತ್ರವಲ್ಲ ಎಂಬುದನ್ನೂ ನೆನಪಿಡಬೇಕು.

ಯಾರ ವಯಸ್ಸಿಗೆ ಗುಣಕ ಎಂಬ ಪ್ರಶ್ನೆ ಬಹುಕಾಲ ಗೊಂದಲದಲ್ಲಿತ್ತು. ಹೆತ್ತವರು ಬದುಕಿರುವಷ್ಟು ಕಾಲ ಮಾತ್ರ ಅವರಿಗೆ ನೆರವು ಬೇಕಾಗುತ್ತದೆ, ಆದ್ದರಿಂದ ತಾಯಿಯ ವಯಸ್ಸನ್ನು ಹಿಡಿಯಬೇಕು ಎಂಬುದು ವಿಮಾ ಕಂಪನಿಗಳ ವಾದ. ತರ್ಕವಾಗಿ ನೋಡಿದರೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು, ಕೆಲವು ಹಳೆಯ ತೀರ್ಪುಗಳು ಅದನ್ನು ಒಪ್ಪಿಯೂ ಇದ್ದವು. ಹಾಗೆ ಮಾಡಿದ್ದರೆ ನಮ್ಮ ಪ್ರಕರಣದಲ್ಲಿ ಗುಣಕ 17ರ ಬದಲು 11 ಆಗಿ, ಅರ್ಧ ಕಡಿತದೊಂದಿಗೆ ಮೊತ್ತ 18,48,000ಕ್ಕೆ ಕುಸಿಯುತ್ತಿತ್ತು. ಆದರೆ ಮೃತರ ವಯಸ್ಸೇ ಆಧಾರವೆಂದು 2015ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು, ಪ್ರಣಯ್ ಸೇಥಿ ಅದನ್ನು ಗಟ್ಟಿಗೊಳಿಸಿತು. ಅರ್ಧದಷ್ಟು ಆದಾಯವನ್ನು ಮೊದಲೇ ಕಳೆದ ಮೇಲೆ ತಾಯಿಯ ವಯಸ್ಸಿನ ಹೆಸರಿನಲ್ಲಿ ಮತ್ತೊಮ್ಮೆ ಕಳೆಯುವುದು ಎರಡು ಬಾರಿ ಕತ್ತರಿ ಹಾಕಿದಂತೆ, ಹಾಗಾಗಿ ಈ ನಿಲುವು ಸರಿಯೆಂದೇ ನನ್ನ ಅಭಿಪ್ರಾಯ. ಕೆಳಹಂತದಲ್ಲಿ ಇಂದಿಗೂ ಯಾರಾದರೂ ತಾಯಿಯ ವಯಸ್ಸನ್ನು ಎತ್ತಿದರೆ ಈ ತೀರ್ಪುಗಳನ್ನು ತೋರಿಸಬೇಕು.

ಮದುವೆಯಾದ ಮಗ ಸತ್ತಾಗ ತಂದೆತಾಯಿಯೂ ಸೊಸೆ, ಮೊಮ್ಮಕ್ಕಳ ಜೊತೆ ಅರ್ಜಿದಾರರಾಗುತ್ತಾರೆ, ಒಟ್ಟು ಮೊತ್ತವನ್ನು ನ್ಯಾಯಮಂಡಳಿಯೇ ಪಾಲು ಮಾಡುತ್ತದೆ. ಮಗನ ಜೀವವಿಮೆಯ ಹಣ ಬಂದಿದೆಯೆಂದು ಪರಿಹಾರದಲ್ಲಿ ಕಡಿತ ಮಾಡುವಂತಿಲ್ಲ.

ಪ್ರೀತಿಗೆ, ಒಡನಾಟಕ್ಕೆ ಸಿಗುವುದು ಬೇರೆ ಶೀರ್ಷಿಕೆಯಡಿ. ಮಕ್ಕಳನ್ನು ಕಳೆದುಕೊಂಡ ಹೆತ್ತವರಿಗೂ ಸಾಂಗತ್ಯ ನಷ್ಟದ ಹಕ್ಕಿದೆ ಎಂದು 2018ರಲ್ಲಿ ಮ್ಯಾಗ್ಮಾ ವಿಮಾ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರಣಯ್ ಸೇಥಿ ನಿಗದಿಪಡಿಸಿದ 40,000 ರೂಪಾಯಿ ಮೂರು ವರ್ಷಕ್ಕೊಮ್ಮೆ ಶೇ 10ರಂತೆ ಏರಿ 44,000, ಆಮೇಲೆ 48,400 ಆಯಿತು. ಎಷ್ಟು ಸಣ್ಣ ಮೊತ್ತ ಎಂದು ಕೇಳುವ ತಾಯಂದಿರಿಗೆ ನನ್ನ ಬಳಿ ಉತ್ತರವಿಲ್ಲ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅರ್ಜಿ ಸಲ್ಲಿಸಲು ಅಪಘಾತದ ದಿನದಿಂದ ಆರು ತಿಂಗಳ ಮಿತಿಯನ್ನು ಇಟ್ಟಿದೆ. ಶೋಕದಲ್ಲಿರುವ ಮನೆಗೆ ಆರು ತಿಂಗಳು ಬೇಗ ಕಳೆದುಹೋಗುತ್ತದೆ. ಹಾಗಾಗಿ ಮನೆಯಲ್ಲಿ ಓದು ಬಲ್ಲ ಒಬ್ಬರು ಕಾಗದಗಳನ್ನು ಒಟ್ಟುಮಾಡುವ ಕೆಲಸವನ್ನು ವಹಿಸಿಕೊಳ್ಳಬೇಕು.

ಆ ತಾಯಿಯ ಪ್ರಕರಣದಲ್ಲಿ ಆ ಕೆಲಸ ಮಾಡಿದ್ದು ಹಿರಿಯ ತಂಗಿ. ತಾಯಿಯ ಸಾಕ್ಷ್ಯ ಮುಗಿದ ಮೇಲೆ ಆಕೆಯನ್ನೂ ಸಾಕ್ಷಿಯಾಗಿ ಕರೆದೆವು. ತನ್ನ ಕಾಲೇಜಿನ ಶುಲ್ಕದ ರಸೀದಿಗಳನ್ನು ಆಕೆ ಪ್ಲಾಸ್ಟಿಕ್ ಚೀಲವೊಂದರಲ್ಲಿ ಜೋಡಿಸಿಟ್ಟುಕೊಂಡಿದ್ದಳು. ಪ್ರತಿ ರಸೀದಿಯ ದಿನಾಂಕ, ಮೊತ್ತಗಳೆರಡೂ ಅಣ್ಣನ ಖಾತೆಯಿಂದ ಹೋದ ಹಣದೊಂದಿಗೆ ತಾಳೆಯಾದವು. ತಮ್ಮನ ಶಾಲೆಯದ್ದೂ ಹಾಗೆಯೇ. ವಿಮಾ ಕಂಪನಿಯ ವಕೀಲರು ಆ ರಸೀದಿಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನ್ಯಾಯಮಂಡಳಿ ಮೂರನೇ ಒಂದು ಭಾಗವನ್ನಷ್ಟೇ ಕಳೆಯಿತು.